ಹವಾ ಯಾರದು ಅನ್ನುವ ಪ್ರಶ್ನೆ ಸಾಕು

2025ರ ಡಿಸೆಂಬರ್‌ನಲ್ಲಿ ಬಾಗಲಕೋಟೆಯಲ್ಲಿ ಪತ್ರಿಕೋದ್ಯಮ ಓದುತ್ತಿರುವ ಹುಡುಗ ಹುಡುಗಿಯರ ಮುಂದೆ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಬೆಳಿಗ್ಗೆ ಜಮಖಂಡಿಯಿಂದ ಬಸ್ಸಿನಲ್ಲಿ ಬಂದೆ. ಪಕ್ಕದಲ್ಲಿ ಒಬ್ಬ ಹಿರಿಯರು ಕೂತಿದ್ದರು. ನನ್ನ ಚೀಲದಲ್ಲಿದ್ದ ಪೇಪರ್‌ಗಳನ್ನು ನೋಡಿ, 'ಪೇಪರಿನವರೇನ್ರಿ?' ಅಂದರು. ಮೊದಲು ವರದಿಗಾರ ಆಗಿದ್ದೆ, ಈಗ ಬಿಟ್ಟಿದ್ದೇನೆ ಅಂದೆ. ಅವರ ಮುಂದಿನ ಮಾತು ಏನಿರುತ್ತದೆ ಅಂತ ನನಗೆ ಗೊತ್ತಿತ್ತು. 'ಹಂಗಾದ್ರ ಹೇಳ್ರಿ, ಬಾಗಲಕೋಟ್ಯಾಗ ಈ ಸಲ ಹವಾ ಯಾರ್ದೈತಿ?'

ಇಲ್ಲಿಯ ಶಾಸಕರಾಗಿದ್ದ ಎಚ್.ವೈ. ಮೇಟಿಯವರು ಕಳೆದ ತಿಂಗಳು ತೀರಿಕೊಂಡರು. ಸೀಟು ಖಾಲಿಯಾದರೆ ಆರು ತಿಂಗಳೊಳಗೆ ಉಪಚುನಾವಣೆ ಆಗಬೇಕು ಅಂತ ಕಾನೂನಿದೆ. ಇನ್ನೂ ದಿನಾಂಕ ಬಂದಿಲ್ಲ. ಟಿಕೆಟ್ ಯಾರಿಗೆ ಅಂತ ತೀರ್ಮಾನ ಆಗಿಲ್ಲ. ಯಾರು ನಿಲ್ಲುತ್ತಾರೆ ಅಂತಲೇ ಗೊತ್ತಿಲ್ಲದಿರುವಾಗ ಹವಾ ಯಾರದು ಅನ್ನುವ ಪ್ರಶ್ನೆ ಆಗಲೇ ಬಸ್ಸಿನಲ್ಲಿ ಓಡಾಡುತ್ತಿದೆ. ಆ ಹಿರಿಯರದು ತಪ್ಪಿಲ್ಲ. ಈ ಪ್ರಶ್ನೆಯನ್ನು ಅವರ ಬಾಯಿಗೆ ಹಾಕಿದವರು ನಾವು. ವರ್ಷಗಟ್ಟಲೆ ಪೇಪರಿನಲ್ಲಿ, ಟಿವಿಯಲ್ಲಿ ಅದನ್ನೇ ಕೇಳಿದೆವು. ಕೇಳಿ ಕೇಳಿ ಜನರಿಗೂ ಚುನಾವಣೆ ಅಂದರೆ ಅದೊಂದೇ ಪ್ರಶ್ನೆ ಅನಿಸಿಬಿಟ್ಟಿದೆ.

ನೀವು ಈ ಕೆಲಸಕ್ಕೆ ಬರುವವರು. ಅದಕ್ಕೇ ಇವತ್ತು ಇದೊಂದೇ ವಿಷಯ ಹಿಡಿದು ಮಾತಾಡುತ್ತೇನೆ. ಹವಾ ಸುದ್ದಿ ಯಾಕೆ ಇಷ್ಟು ಬೆಳೆಯಿತು, ಅದರ ಅಡಿಯಲ್ಲಿ ಏನೇನು ಮುಚ್ಚಿಹೋಯಿತು ಅಂತ.

ಮೊದಲನೆಯದು, ಅದನ್ನು ಮಾಡುವುದು ಬಹಳ ಸುಲಭ. ಬಸ್‌ಸ್ಟ್ಯಾಂಡ್ ಎದುರಿನ ಚಹಾದಂಗಡಿಯಲ್ಲಿ ಒಂದು ತಾಸು ಕೂತರೆ ಮುಗಿಯಿತು. ನಾಲ್ಕು ಜನ ಮಾತಾಡುತ್ತಾರೆ, ಬರೆದುಕೊಳ್ಳುತ್ತೀರಿ. ಆಮೇಲೆ ಯಾವ ಸಮಾಜದ ಓಟು ಎಷ್ಟು ಅಂತ ಒಂದು ಪಟ್ಟಿ ಹಾಕುತ್ತೀರಿ. ಆ ಪಟ್ಟಿ ಎಲ್ಲಿಂದ ಬಂತು ಅಂತ ಯಾರೂ ಕೇಳುವುದಿಲ್ಲ. ನಾನು ಹೇಳುತ್ತೇನೆ. ಹಿಂದಿನ ಚುನಾವಣೆಯಲ್ಲಿ ಇನ್ನೊಬ್ಬ ವರದಿಗಾರ ಬರೆದದ್ದರಿಂದ ಬಂತು. ಅವನಿಗೆ ಯಾವುದೋ ಪಕ್ಷದ ಮುಖಂಡ ಹೇಳಿದ್ದ. ಮತದಾರರ ಪಟ್ಟಿಯಲ್ಲಿ ಜಾತಿಯ ಕಾಲಮ್ಮೇ ಇಲ್ಲ. ಹೆಸರು, ವಯಸ್ಸು, ಮನೆ ನಂಬರು, ಅಪ್ಪ ಅಥವಾ ಗಂಡನ ಹೆಸರು, ಇಂಥವೇ ಇರುತ್ತವೆ. ಆದರೂ ನಾವು 'ಇವರು 40 ಸಾವಿರ, ಅವರು 35 ಸಾವಿರ' ಅಂತ ಧೈರ್ಯವಾಗಿ ಬರೆಯುತ್ತೇವೆ. ಪಕ್ಷದವರು ಅದನ್ನೇ ನೋಡಿ ಟಿಕೆಟ್ ಕೊಡುತ್ತಾರೆ. ಊಹೆ ಅಚ್ಚಾದ ಕೂಡಲೇ ಅಂಕಿಸಂಖ್ಯೆ ಆಗಿಬಿಡುತ್ತದೆ.

ಎರಡನೆಯದು, ಹವಾ ಸುದ್ದಿಯನ್ನು ಮಾರಬಹುದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇದು ನಾನೇ ಮಾಡಿದ ಕೆಲಸ.

ತಾಲ್ಲೂಕಿನಲ್ಲಿ ಕೆಲಸ ಮಾಡುವ ಅರೆಕಾಲಿಕ ವರದಿಗಾರರ ಬದುಕು ನಿಮಗೆ ಗೊತ್ತಿರಬೇಕು. ಅವರಿಗೆ ಸಂಬಳ ಅಂತ ಹೇಳಿಕೊಳ್ಳುವಂಥದ್ದು ಇರುವುದಿಲ್ಲ. ಒಂದು ಐಡಿ ಕಾರ್ಡ್ ಇರುತ್ತದೆ. ಜಾಹೀರಾತು ತಂದರೆ ಕಮಿಷನ್ ಸಿಗುತ್ತದೆ. ಮನೆ ನಡೆಯುವುದು ಆ ಕಮಿಷನ್‌ನಿಂದ. ಜಾಹೀರಾತು ಯಾರು ಕೊಡುತ್ತಾರೆ? ಸಕ್ಕರೆ ಕಾರ್ಖಾನೆ, ಸಹಕಾರಿ ಬ್ಯಾಂಕು, ಗುತ್ತಿಗೆದಾರರು, ರಾಜಕಾರಣಿಗಳ ಹುಟ್ಟುಹಬ್ಬ ಮಾಡುವ ಅಭಿಮಾನಿಗಳು. ಅಂದರೆ ಯಾರ ಬಗ್ಗೆ ಅವನು ಸುದ್ದಿ ಬರೆಯಬೇಕೋ ಅವರ ಬಾಗಿಲಿಗೇ ಜಾಹೀರಾತು ಕೇಳಲು ಹೋಗಬೇಕು. ಬೆಳಿಗ್ಗೆ ಕೈಮುಗಿದು ಕೇಳಿದ ಮನುಷ್ಯ ಸಂಜೆ ಅವರನ್ನೇ ಗಟ್ಟಿಯಾಗಿ ಪ್ರಶ್ನೆ ಮಾಡಲಿ ಅಂದರೆ ಹೇಗೆ ಸಾಧ್ಯ? ಅವನ ಮೇಲೆ ಸಿಟ್ಟಾಗುವ ಮೊದಲು ಇದನ್ನು ನೆನಪಿಡಿ. ನಾನು ಕಂಡವರಲ್ಲಿ ಹೆಚ್ಚಿನವರು ಒಳ್ಳೆಯ ಜನ. ಊರಿನ ಪ್ರತಿ ಓಣಿ ಅವರಿಗೆ ಗೊತ್ತು. ಅವರ ಕೈಗೆ ಒಂದು ನ್ಯಾಯವಾದ ಸಂಬಳ ಕೊಟ್ಟಿದ್ದರೆ ನಮ್ಮ ಪತ್ರಿಕೆಗಳು ಬೇರೆಯೇ ಇರುತ್ತಿದ್ದವು.

ಒಂದು ಚುನಾವಣೆಯ ಹೊತ್ತಿನಲ್ಲಿ ನಾನಿದ್ದ ಪತ್ರಿಕೆಯ ಜಾಹೀರಾತು ವಿಭಾಗದಿಂದ ಫೋನ್ ಬಂತು. 'ಪ್ಯಾಕೇಜ್ ಇದೆ, ಅಭ್ಯರ್ಥಿಗಳ ಹತ್ತಿರ ಮಾತಾಡಿ' ಅಂದರು. ಪ್ಯಾಕೇಜ್ ಅಂದರೆ ಇಷ್ಟು ದಿನ, ಇಷ್ಟು ಸುದ್ದಿ, ಇಷ್ಟು ಫೋಟೋ, ಒಂದು ಸಂದರ್ಶನ. ಅದು ಜಾಹೀರಾತು ಅಂತ ಎಲ್ಲೂ ಹಾಕುವುದಿಲ್ಲ. ಸುದ್ದಿಯ ಜಾಗದಲ್ಲಿ, ಸುದ್ದಿಯ ಅಕ್ಷರದಲ್ಲೇ ಬರುತ್ತದೆ. ನಾನು ಬರೆದೆ. 'ಹೋದಲ್ಲೆಲ್ಲ ಆರತಿ ಎತ್ತಿ ಸ್ವಾಗತ', 'ದಿನದಿಂದ ದಿನಕ್ಕೆ ಹೆಚ್ಚಿದ ಬೆಂಬಲ', 'ಗೆಲುವು ನಿಶ್ಚಿತ' ಅಂತೆಲ್ಲ. ಒಂದೇ ವಾರದಲ್ಲಿ ಎದುರಾಳಿಯ ಪ್ಯಾಕೇಜೂ ಬಂತು. ಅವರ ಗೆಲುವನ್ನೂ ನಿಶ್ಚಿತ ಮಾಡಿದೆ.

ಹೊಳೆದಂಡೆಯ ಹಳ್ಳಿಯ ಒಬ್ಬ ಅಜ್ಜ ದಿನಾ ಪೇಪರ್ ಓದುತ್ತಿದ್ದ. ನನ್ನನ್ನು ಕಂಡಾಗ ಪಕ್ಕಕ್ಕೆ ಕರೆದ. ಸಿಟ್ಟು ಮಾಡಲಿಲ್ಲ. 'ತಮ್ಮಾ, ಅವಾ ಗೆಲ್ತಾನ ಅಂತ ಬರದಿ, ಇವಾ ಗೆಲ್ತಾನ ಅಂತನೂ ಬರದಿ. ಹೊಳ್ಯಾಗ ನೀರು ಬತ್ತಿ ಹದಿನೈದು ದಿನ ಆತು. ಅದನ್ನ ಯಾವಾಗ ಬರೀತಿ?' ಅಂದ. ಅವತ್ತಿನಿಂದ ಆ ಮಾತು ನನ್ನ ಬೆನ್ನು ಬಿಟ್ಟಿಲ್ಲ. ನಾನು ಪ್ಯಾಕೇಜ್ ಬರೆಯುವುದನ್ನು ನಿಲ್ಲಿಸಿದೆ. ಸ್ವಲ್ಪ ದಿನಕ್ಕೆ ಪತ್ರಿಕೆಯವರು ನನ್ನನ್ನು ನಿಲ್ಲಿಸಿದರು.

ಈಗ ನೀವು ಕೇಳಬಹುದು, ಇದಕ್ಕೆ ಕಾನೂನಿಲ್ಲವಾ ಅಂತ. ಅರ್ಧ ಇದೆ. 2009ರ ಲೋಕಸಭೆ ಚುನಾವಣೆ ಆದ ಮೇಲೆ ದೇಶದಲ್ಲಿ ಈ ಬಗ್ಗೆ ದೊಡ್ಡ ಗಲಾಟೆ ಆಯಿತು. ಭಾರತೀಯ ಪತ್ರಿಕಾ ಮಂಡಳಿ ಇಬ್ಬರು ಸದಸ್ಯರಿಂದ ಒಂದು ವರದಿ ಮಾಡಿಸಿತು. ಬೇರೆ ಬೇರೆ ಪತ್ರಿಕೆಗಳಲ್ಲಿ ಒಂದೇ ಬರಹ ಬಂದದ್ದು, ಒಂದೇ ಪುಟದಲ್ಲಿ ಇಬ್ಬರು ಎದುರಾಳಿಗಳೂ ಗೆಲ್ಲುತ್ತಾರೆ ಅಂತ ಅಚ್ಚಾದದ್ದು, ಎಲ್ಲ ಅದರಲ್ಲಿ ಇತ್ತು. ಓದಿದಾಗ ನನ್ನದೇ ಹಳೆಯ ಕತ್ತರಿಕೆಗಳನ್ನು ನೋಡಿದ ಹಾಗಾಯಿತು. 2010ರಲ್ಲಿ ಮಂಡಳಿ ಆ ಪೂರ್ತಿ ವರದಿಯನ್ನು ಹೊರಗೆ ಬಿಡಲಿಲ್ಲ. ಮಾಹಿತಿ ಹಕ್ಕಿನಲ್ಲಿ ಹೋರಾಡಿದ ಮೇಲೆ 2011ರಲ್ಲಿ ಹೊರಬಂತು. ಪತ್ರಿಕೆಗಳ ತಪ್ಪನ್ನು ಹೇಳುವ ವರದಿಯನ್ನೇ ಬಚ್ಚಿಟ್ಟರು ಅಂದರೆ ಅದು ನಮಗೆಲ್ಲ ನಾಚಿಕೆಯ ವಿಷಯ.

ಚುನಾವಣಾ ಆಯೋಗ ಆಮೇಲೆ ಪ್ರತಿ ಜಿಲ್ಲೆಯಲ್ಲೂ ಮಾಧ್ಯಮಗಳ ಮೇಲೆ ಕಣ್ಣಿಡುವ ಸಮಿತಿ ಮಾಡಿತು. ಇದು ಕಾಸಿನ ಸುದ್ದಿ ಅಂತ ಸಮಿತಿಗೆ ಅನಿಸಿದರೆ ಅಭ್ಯರ್ಥಿಗೆ ನೋಟಿಸ್ ಹೋಗುತ್ತದೆ. ಉತ್ತರ ಸರಿ ಇಲ್ಲದಿದ್ದರೆ ಆ ಸುದ್ದಿಯ ಜಾಗವನ್ನು ಜಾಹೀರಾತು ದರದಲ್ಲಿ ಲೆಕ್ಕ ಹಾಕಿ ಅವರ ಖರ್ಚಿಗೆ ಸೇರಿಸುತ್ತಾರೆ. 2022ರಿಂದ ನಮ್ಮಂಥ ದೊಡ್ಡ ರಾಜ್ಯದಲ್ಲಿ ವಿಧಾನಸಭೆ ಅಭ್ಯರ್ಥಿಯ ಖರ್ಚಿನ ಮಿತಿ 40 ಲಕ್ಷ, ಲೋಕಸಭೆಗೆ 95 ಲಕ್ಷ. ಉತ್ತರ ಪ್ರದೇಶದ ಬಿಸೌಲಿಯ ಶಾಸಕಿ ಉಮ್ಲೇಶ್ ಯಾದವ್ ಅವರನ್ನು ಆಯೋಗ 2011ರಲ್ಲಿ ಮೂರು ವರ್ಷ ಅನರ್ಹ ಮಾಡಿತು. ಕಾಸಿನ ಸುದ್ದಿಗೆ ಕೊಟ್ಟ ಹಣವನ್ನು ಲೆಕ್ಕದಲ್ಲಿ ತೋರಿಸಿಲ್ಲ ಅನ್ನುವುದು ಕಾರಣ. ಸರಿಯಾಗಿ ಗಮನಿಸಿ, ಸುದ್ದಿ ಕೊಂಡದ್ದು ಅಪರಾಧ ಆಗಲಿಲ್ಲ, ಲೆಕ್ಕ ಕೊಡದೇ ಇದ್ದದ್ದು ತಪ್ಪಾಯಿತು. ಕಾಸಿನ ಸುದ್ದಿಯನ್ನೇ ಚುನಾವಣಾ ಅಪರಾಧ ಮಾಡಿ ಅಂತ ಆಯೋಗ ಕೇಳಿದೆ, ಕಾನೂನು ಆಯೋಗ 2015ರಲ್ಲಿ ಹೇಳಿದೆ. ಸಂಸತ್ತು ಮಾಡಿಲ್ಲ. ಯಾವ ಪಕ್ಷ ಅಧಿಕಾರದಲ್ಲಿದ್ದರೂ ಮಾಡಿಲ್ಲ. ಮಾಡಬೇಕಾದವರು ಆ ಸುದ್ದಿ ಕೊಳ್ಳುವವರೇ ಅಲ್ವಾ?

ಸರಿ, ಹವಾ ಬಿಟ್ಟು ಜನ ಬೇರೆ ಏನನ್ನಾದರೂ ನೋಡಿ ಓಟು ಹಾಕಿದ್ದಾರಾ? ಹಾಕಿದ್ದಾರೆ. ನಮ್ಮ ಜಿಲ್ಲೆಯಲ್ಲೇ ಹಾಕಿದ್ದಾರೆ.

ಕೃಷ್ಣೆ ನಮ್ಮ ಜಮಖಂಡಿಯ ಪಕ್ಕದಲ್ಲೇ ಹರಿಯುತ್ತಾಳೆ. ಬೇಸಿಗೆ ಬಂದರೆ ಮಳಲು ಕಾಣುತ್ತದೆ. ನದಿಗೆ ಅಡ್ಡ ಒಂದು ಬ್ಯಾರೇಜ್ ಕಟ್ಟಿಕೊಡಿ ಅಂತ ಹೊಳೆಸಾಲಿನ ರೈತರು ಕೇಳಿದರು, ಕೇಳಿದರು, ಕೊನೆಗೆ ಕೇಳುವುದನ್ನು ಬಿಟ್ಟು ತಾವೇ ಕಟ್ಟಿದರು. 1989ರಲ್ಲಿ, ಚಿಕ್ಕಪಡಸಲಗಿಯಲ್ಲಿ. ತಮ್ಮದೇ ದುಡ್ಡು, ತಮ್ಮದೇ ಮೈ ಬೆವರು. ಹೆಸರು ಕೂಡ ಶ್ರಮಬಿಂದು ಸಾಗರ ಅಂತಲೇ ಇಟ್ಟರು. ಮುಂದೆ ನಿಂತವರು ಸಿದ್ದು ನ್ಯಾಮಗೌಡ. ಜನ ಅವರನ್ನು ಬ್ಯಾರೇಜ್ ಸಿದ್ದು ಅಂದರು.

ಎರಡು ವರ್ಷಕ್ಕೆ, 1991ರಲ್ಲಿ, ಲೋಕಸಭೆ ಚುನಾವಣೆ ಬಂತು. ಬಾಗಲಕೋಟೆಗೆ ರಾಮಕೃಷ್ಣ ಹೆಗಡೆ ಬಂದು ನಿಂತರು. ಮುಖ್ಯಮಂತ್ರಿ ಆಗಿದ್ದವರು, ದೇಶಕ್ಕೇ ಗೊತ್ತಿದ್ದ ಮುಖ. ಎದುರಿಗೆ ಕಾಂಗ್ರೆಸ್ಸಿನಿಂದ ಸಿದ್ದು ನ್ಯಾಮಗೌಡ. ಹೆಗಡೆ ಸೋತರು. ನಾನಾಗ ಹೈಸ್ಕೂಲಿನಲ್ಲಿದ್ದೆ. ನಮ್ಮ ಓಣಿಯಲ್ಲಿ ಹೆಂಗಸರು 'ನೀರು ತಂದಾವ್ಗ ಹಾಕೂದ' ಅಂತ ಮಾತಾಡಿಕೊಳ್ಳುತ್ತಿದ್ದದ್ದು ಈಗಲೂ ಕಿವಿಯಲ್ಲಿದೆ. ಆ ವರ್ಷ ಕಾಂಗ್ರೆಸ್ಸಿನ ಅಲೆ ಇರಲೇ ಇಲ್ಲ ಅಂತ ನಾನು ಹೇಳುವುದಿಲ್ಲ. ಕರ್ನಾಟಕದ 28 ಸೀಟಿನಲ್ಲಿ ಆ ಪಕ್ಷಕ್ಕೆ 23 ಬಂದವು. ಆದರೆ ಓಟು ಹಾಕುವಾಗ ನಮ್ಮ ಜನರ ಕಣ್ಣ ಮುಂದೆ ಒಂದು ಗೋಡೆ ಇತ್ತು. ಕಲ್ಲು, ಸಿಮೆಂಟಿನ ಗೋಡೆ. ಅದರ ಹಿಂದೆ ನೀರು ನಿಂತಿತ್ತು. ಅದನ್ನು ಕೈಯಿಂದ ಮುಟ್ಟಿ ನೋಡಬಹುದಿತ್ತು. ಮುಟ್ಟಿ ನೋಡಬಹುದಾದ ವಿಷಯದ ಮೇಲೆ ಚುನಾವಣೆ ನಡೆದರೆ ಹೇಗಿರುತ್ತದೆ ಅನ್ನುವುದನ್ನು ನಾನು ಅವತ್ತು ಕಂಡೆ. ಪತ್ರಿಕೆ ಸೇರಿದ ಮೇಲೆ ಅದನ್ನು ಮರೆತೆ.

ಇನ್ನು ಟಿವಿ. 2018ರಲ್ಲಿ ಬಾದಾಮಿ ನಿಮಗೆ ನೆನಪಿರಬಹುದು. ಮುಖ್ಯಮಂತ್ರಿ ಸಿದ್ದರಾಮಯ್ಯ ಒಂದು ಕಡೆ, ಶ್ರೀರಾಮುಲು ಇನ್ನೊಂದು ಕಡೆ. ಬಾದಾಮಿಯ ಸಣ್ಣ ರಸ್ತೆಯಲ್ಲಿ ಟಿವಿ ಗಾಡಿಗಳಿಗೆ ನಿಲ್ಲಲು ಜಾಗ ಇರಲಿಲ್ಲ. ಕೊನೆಗೆ ಸಿದ್ದರಾಮಯ್ಯ 1,696 ಓಟಿನಿಂದ ಗೆದ್ದರು. ಮರುದಿನ ಗಾಡಿಗಳೆಲ್ಲ ಹೋದವು. ಮರುವರ್ಷ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳಿಗೇ ನೀರು ನುಗ್ಗಿತು. ಆ ಪ್ರವಾಹದ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

2019ರ ಜುಲೈ ತಿಂಗಳಿಡೀ ಟಿವಿಯಲ್ಲಿ ಏನಿತ್ತು? ರೆಸಾರ್ಟು, ಹೋಟೆಲ್ ಗೇಟು, ವಿಮಾನ, ಸಂಖ್ಯಾಬಲ. ಸರ್ಕಾರ ಉಳಿಯುತ್ತಾ, ಬೀಳುತ್ತಾ? 17 ಶಾಸಕರು ಅನರ್ಹರಾದರು. ಜುಲೈ 26ಕ್ಕೆ ಯಡಿಯೂರಪ್ಪ ಒಬ್ಬರೇ ಪ್ರಮಾಣವಚನ ತಗೊಂಡರು. ಆಗಸ್ಟ್ ಮೊದಲ ವಾರ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಒಟ್ಟಿಗೆ ಬಂದವು. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳು ಮುಳುಗಿದವು. ಗೋಕಾಕ ಪಟ್ಟಣದ ಒಳಗೇ ನೀರು. ಆ ಹೊತ್ತಿನಲ್ಲಿ ರಾಜ್ಯಕ್ಕೆ ಇದ್ದ ಮಂತ್ರಿ ಅಂದರೆ ಮುಖ್ಯಮಂತ್ರಿ ಒಬ್ಬರೇ. ಉಳಿದವರು ಪ್ರಮಾಣವಚನ ಮಾಡಿದ್ದು ಆಗಸ್ಟ್ 20ಕ್ಕೆ. ಜನ ಮನೆಯ ಮಾಳಿಗೆ ಹತ್ತಿ ಕೂತಾಗ ಜಿಲ್ಲೆಗೆ ಉಸ್ತುವಾರಿ ಸಚಿವರೇ ಇರಲಿಲ್ಲ.

ಟಿವಿಯವರು ಬರಲಿಲ್ಲ ಅಂತಲ್ಲ. ಬಂದರು. ಎದೆಮಟ್ಟ ನೀರಿನಲ್ಲಿ ನಿಂತು ವರದಿ ಮಾಡಿದ ಹುಡುಗರನ್ನು ನಾನು ನೋಡಿದ್ದೇನೆ, ಅವರ ಬಗ್ಗೆ ನನಗೆ ಗೌರವ ಇದೆ. ನೀರು ಇಳಿದ ಮೇಲೆ ಕ್ಯಾಮೆರಾ ಹೋಯಿತು. ಆದರೆ ನಿಜವಾದ ಸುದ್ದಿ ಶುರುವಾದದ್ದು ಆಗಲೇ. ಬಿದ್ದ ಮನೆಗಳನ್ನು ಎ, ಬಿ, ಸಿ ಅಂತ ಮೂರು ಗುಂಪು ಮಾಡಿದರು. ಮುಕ್ಕಾಲು ಭಾಗಕ್ಕಿಂತ ಹೆಚ್ಚು ಹಾಳಾಗಿದ್ದರೆ ಎ. ಅದಕ್ಕಿಂತ ಕಡಿಮೆ ಇದ್ದರೆ ಬಿ, ಇನ್ನೂ ಕಡಿಮೆ ಇದ್ದರೆ ಸಿ. ಎ ಗುಂಪಿಗೆ ಐದು ಲಕ್ಷ. ಗುಂಪು ಕೆಳಗಿಳಿದ ಹಾಗೆ ಸಿಗುವ ದುಡ್ಡೂ ಕಡಿಮೆ ಆಗಬಹುದಿತ್ತು. ಈಗ ಯೋಚನೆ ಮಾಡಿ. ಮಣ್ಣಿನ ಮನೆ. ನಾಲ್ಕು ದಿನ ನೀರಿನಲ್ಲಿ ನಿಂತಿದೆ. ಎರಡು ಗೋಡೆ ಬಿದ್ದಿವೆ, ಎರಡು ನಿಂತಿವೆ. ನಿಂತ ಗೋಡೆಯ ಬುಡ ಕರಗಿಹೋಗಿದೆ. ಅದು ಎ ಆಗುತ್ತದೋ ಬಿ ಆಗುತ್ತದೋ? ಅದನ್ನು ಬರೆಯುವವನು ನೋಡಲು ಬಂದ ಸಿಬ್ಬಂದಿ. ಅವನ ಒಂದು ಅಕ್ಷರದ ಮೇಲೆ ಒಂದು ಕುಟುಂಬದ ಮುಂದಿನ ಹತ್ತು ವರ್ಷ ನಿಂತಿದೆ. ಹಳ್ಳಿಗೆ ಹತ್ತಾರು ಇಂಥ ಮನೆಗಳು.

ಅನರ್ಹರಾದ ಆ 17 ಶಾಸಕರ ಸೀಟುಗಳಲ್ಲಿ 15ಕ್ಕೆ ಡಿಸೆಂಬರ್ 5ರಂದು ಉಪಚುನಾವಣೆ ಆಯಿತು. ಅದರಲ್ಲಿ ಮೂರು, ಗೋಕಾಕ, ಅಥಣಿ, ಕಾಗವಾಡ, ನಮ್ಮ ಪಕ್ಕದ ಬೆಳಗಾವಿ ಜಿಲ್ಲೆಯವು. ಮೂರೂ ನೆರೆ ಬಂದ ತಾಲ್ಲೂಕುಗಳು. ಕ್ಯಾಮೆರಾಗಳು ಮತ್ತೆ ಬಂದವು. ಏನು ಕೇಳಿದವು? ಸರ್ಕಾರ ಉಳಿಯಲು ಎಷ್ಟು ಸೀಟು ಬೇಕು, ಗೋಕಾಕದ ಜಾರಕಿಹೊಳಿ ಅಣ್ಣತಮ್ಮಂದಿರಲ್ಲಿ ಯಾರು ಯಾರ ಕಡೆ, ಹವಾ ಯಾರದು. ಎ, ಬಿ, ಸಿ ಪಟ್ಟಿ ಹಿಡಿದು ಒಂದೊಂದು ಹಳ್ಳಿಗೆ ಹೋಗಿ, ಎಲ್ಲ ಪಕ್ಷದ ಅಭ್ಯರ್ಥಿಗಳ ಮುಂದೆ ಆ ಪಟ್ಟಿ ಇಟ್ಟು ಪ್ರಶ್ನೆ ಕೇಳಿದ ಒಂದು ಕಾರ್ಯಕ್ರಮವನ್ನೂ ನಾನು ನೋಡಲಿಲ್ಲ. ಚುನಾವಣೆಗಿಂತ ಒಳ್ಳೆಯ ಅವಕಾಶ ಇನ್ಯಾವಾಗ ಸಿಗುತ್ತದೆ? ಆ ಹತ್ತು ದಿನ ಮಾತ್ರ ಅಭ್ಯರ್ಥಿ ಮನೆ ಬಾಗಿಲಿಗೆ ಬಂದು ನಿಲ್ಲುತ್ತಾನೆ.

ಕಬ್ಬಿನ ವಿಷಯವೂ ಹೀಗೇ. ಕಳೆದ ತಿಂಗಳು ಮೂಡಲಗಿ ತಾಲ್ಲೂಕಿನ ಗುರ್ಲಾಪುರದಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ರಸ್ತೆಯಲ್ಲಿ ಕೂತರು. ಎಲ್ಲ ಚಾನೆಲ್ ಬಂದವು, ಒಳ್ಳೆಯದೇ ಆಯಿತು. ಸರ್ಕಾರ 3,300 ಅಂತ ತೀರ್ಮಾನ ಮಾಡಿತು. ಆಮೇಲೆ ನಮ್ಮ ಜಿಲ್ಲೆಯಲ್ಲಿ ಸಮೀರವಾಡಿ ಹತ್ತಿರ ಕಬ್ಬಿನ ಟ್ರ್ಯಾಕ್ಟರ್‌ಗಳಿಗೆ ಬೆಂಕಿ ಬಿತ್ತು, ಆ ಬೆಂಕಿಯನ್ನು ದಿನವಿಡೀ ತೋರಿಸಿದರು. ಒಂದು ಸಣ್ಣ ಲೆಕ್ಕ ಮಾತ್ರ ಯಾರೂ ಬಿಡಿಸಿ ಹೇಳಲಿಲ್ಲ. ಕೇಂದ್ರ ಈ ಹಂಗಾಮಿಗೆ ನಿಗದಿ ಮಾಡಿದ ದರ ಕ್ವಿಂಟಲ್‌ಗೆ 355 ರೂಪಾಯಿ, ಅಂದರೆ ಟನ್ನಿಗೆ 3,550. ಹಾಗಾದರೆ ರೈತ ಅದಕ್ಕಿಂತ ಕಡಿಮೆ ಯಾಕೆ ಕೇಳುತ್ತಿದ್ದಾನೆ ಅಂತ ಬೆಂಗಳೂರಿನ ನೋಡುಗನಿಗೆ ಅನಿಸಬಹುದು. ಆ 3,550 ಇರುವುದು ಶೇಕಡಾ 10.25ರಷ್ಟು ರಿಕವರಿ ಬಂದರೆ, ಅಂದರೆ ನೂರು ಕಿಲೋ ಕಬ್ಬಿಗೆ ಹತ್ತೂಕಾಲು ಕಿಲೋ ಸಕ್ಕರೆ ಬಂದರೆ. ಅದರಲ್ಲೇ ಕಟಾವು ಮತ್ತು ಸಾಗಾಟದ ಖರ್ಚು ಮುರಿದುಕೊಳ್ಳುತ್ತಾರೆ. ರೈತರು ಕೇಳಿದ್ದು ಆ ಖರ್ಚು ಬಿಟ್ಟು ಕೈಗೆ ಬರುವ ದುಡ್ಡು. ರಿಕವರಿ ಅಳೆಯುವುದು ಕಾರ್ಖಾನೆ. ತೂಕ ಮಾಡುವುದೂ ಕಾರ್ಖಾನೆಯ ಕಾಟಾ. ಚುನಾವಣೆಯಲ್ಲಿ ನಿಲ್ಲುವವರಲ್ಲಿ, ಎಲ್ಲ ಪಕ್ಷದಲ್ಲೂ, ಕಾರ್ಖಾನೆ ನಡೆಸುವವರು ಇದ್ದಾರೆ. ಅವರಿಗೆ ಸಂದರ್ಶನದಲ್ಲಿ 'ನಿಮ್ಮ ಕಾರ್ಖಾನೆಯ ರಿಕವರಿ ಎಷ್ಟು, ಕಾಟಾ ಪರೀಕ್ಷೆ ಕೊನೆಯ ಸಲ ಯಾವಾಗ ಆಯಿತು, ಬಾಕಿ ಬಿಲ್ಲು ಎಷ್ಟು' ಅಂತ ಕೇಳಿದವರು ಯಾರಿದ್ದಾರೆ? ಅವರ ಜಾಹೀರಾತು ಮೊದಲ ಪುಟದಲ್ಲಿ ಇರುತ್ತದೆ.

ಮತದಾನೋತ್ತರ ಸಮೀಕ್ಷೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2024ರ ಲೋಕಸಭೆ ಚುನಾವಣೆಯಲ್ಲಿ ನಮ್ಮ ಕಡೆಯ ಜಿಲ್ಲೆಗಳು ಮೇ 7ಕ್ಕೆ ಓಟು ಹಾಕಿದವು. ಎಣಿಕೆ ಜೂನ್ 4ಕ್ಕೆ. ಜೂನ್ 1ರ ಸಂಜೆ ಹೆಚ್ಚಿನ ಚಾನೆಲ್‌ಗಳು ಎನ್‌ಡಿಎಗೆ 350ಕ್ಕಿಂತ ಜಾಸ್ತಿ ಅಂದವು. ಕೆಲವರು 400ರ ತನಕ ಹೋದರು. ಬಂದದ್ದು 293. ಜೂನ್ 3ಕ್ಕೆ ಸೆನ್ಸೆಕ್ಸ್ ಸುಮಾರು 2,500 ಅಂಶ ಏರಿತ್ತು, 4ಕ್ಕೆ ಸುಮಾರು 4,390 ಅಂಶ ಬಿತ್ತು. ಟಿವಿಯ ಮಾತು ನಂಬಿ 3ಕ್ಕೆ ಶೇರು ಕೊಂಡವರ ಸಾಲ ಯಾರು ತೀರಿಸುತ್ತಾರೆ? ಹವಾದ ಮಾತಿಗೂ ಬೆಲೆ ಇದೆ, ಅದನ್ನು ಕಟ್ಟುವವರು ಹೇಳಿದವರಲ್ಲ.

ಬೆಳಗಾವಿಯದು ಇನ್ನೊಂದು ಥರ. ಅಲ್ಲಿ ಪೇಪರ್ ಅಂಗಡಿಯಲ್ಲಿ ಕನ್ನಡ ಪತ್ರಿಕೆ, ಮರಾಠಿ ಪತ್ರಿಕೆ ಅಕ್ಕಪಕ್ಕ ಇರುತ್ತವೆ. ನವೆಂಬರ್ 1ರ ಮರುದಿನ ಎರಡನ್ನೂ ಕೊಂಡು ಓದಿ. ಒಂದರಲ್ಲಿ ರಾಜ್ಯೋತ್ಸವ, ಇನ್ನೊಂದರಲ್ಲಿ ಕಪ್ಪು ದಿನ. ಒಂದೇ ರಸ್ತೆ, ಒಂದೇ ದಿನ. 1996ರ ಲೋಕಸಭೆ ಚುನಾವಣೆಯಲ್ಲಿ ಗಡಿ ವಿಷಯಕ್ಕೆ ದೇಶದ ಗಮನ ಬೀಳಲಿ ಅಂತ ನಾಮಪತ್ರದ ಮೇಲೆ ನಾಮಪತ್ರ ಹಾಕಿ, ಬೆಳಗಾವಿ ಕ್ಷೇತ್ರದಲ್ಲಿ 456 ಅಭ್ಯರ್ಥಿಗಳು ನಿಂತಿದ್ದರು. ಆಗ ಠೇವಣಿ 500 ರೂಪಾಯಿ ಇತ್ತು, ಅದೇ ವರ್ಷ 10 ಸಾವಿರಕ್ಕೆ ಏರಿಸಿದರು. ಮಹಾನಗರ ಪಾಲಿಕೆಗೆ ಬಹಳ ಕಾಲ ಭಾಷೆಯ ಗುಂಪುಗಳೇ ಸ್ಪರ್ಧೆ ಮಾಡುತ್ತಿದ್ದವು. 2021ರಲ್ಲಿ ಮೊದಲ ಸಲ ಪಕ್ಷದ ಚಿಹ್ನೆಯ ಮೇಲೆ ಚುನಾವಣೆ ಆಯಿತು. 58 ವಾರ್ಡಿನಲ್ಲಿ 35 ಬಿಜೆಪಿಗೆ ಬಂದವು. ಜನ ಬದಲಾಗುತ್ತಿದ್ದಾರೆ. ಬೆಂಗಳೂರಿನ ಮತ್ತು ಮುಂಬೈಯ ಸ್ಟುಡಿಯೋಗಳು ಮಾತ್ರ ಚುನಾವಣೆ ಬಂದ ಕೂಡಲೇ ಅದೇ ಹಳೆಯ ಕಲ್ಲು ತೂರಾಟದ ದೃಶ್ಯ ಹಾಕುತ್ತವೆ. ಶಹಾಪುರದ ನೇಕಾರನಿಗೆ ನೂಲಿನ ದರದ ಚಿಂತೆ. ಕನ್ನಡ ಮಾತಾಡುವ ನೇಕಾರನಿಗೂ ಅದೇ ಚಿಂತೆ, ಮರಾಠಿ ಮಾತಾಡುವವನಿಗೂ ಅದೇ.

ಇನ್ನು ನನಗೆ ಎಲ್ಲಕ್ಕಿಂತ ನೋವು ಕೊಡುವ ವಿಷಯಕ್ಕೆ ಬರುತ್ತೇನೆ. ನಡೆದ ಚುನಾವಣೆಯ ಮಾತಾಯಿತು, ನಡೆಯದೇ ಇರುವ ಚುನಾವಣೆಯ ಬಗ್ಗೆ ಯಾರು ಮಾತಾಡುತ್ತಾರೆ? ಕರ್ನಾಟಕದಲ್ಲಿ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ ಚುನಾವಣೆ ಕೊನೆಯ ಸಲ ಆದದ್ದು 2016ರ ಫೆಬ್ರವರಿಯಲ್ಲಿ. 2021ರಲ್ಲಿ ಅವಧಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಆಗಬೇಕು ಅಂತ ಸಂವಿಧಾನದ 243ಇ ವಿಧಿ ಹೇಳುತ್ತದೆ. ನಾಲ್ಕು ವರ್ಷ ದಾಟಿದೆ. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ಹೇಳುತ್ತಲೇ ಇದ್ದಾರೆ. ಬಿಜೆಪಿ ಸರ್ಕಾರವೂ ಮಾಡಲಿಲ್ಲ, ಕಾಂಗ್ರೆಸ್ ಸರ್ಕಾರವೂ ಇನ್ನೂ ಮಾಡಿಲ್ಲ. ಹಳ್ಳಿಯ ಕುಡಿಯುವ ನೀರು, ಪ್ರಾಥಮಿಕ ಶಾಲೆ, ಆರೋಗ್ಯ ಕೇಂದ್ರ, ಅಂಗನವಾಡಿ, ಇವೆಲ್ಲ ನೋಡಬೇಕಾದ ಜನಪ್ರತಿನಿಧಿಗಳು ಇಲ್ಲ. ಅಧಿಕಾರಿಗಳೇ ನಡೆಸುತ್ತಿದ್ದಾರೆ. ಆ ಸಭೆಗಳಲ್ಲಿ ಅರ್ಧ ಸೀಟು ಹೆಣ್ಣುಮಕ್ಕಳಿಗೆ ಮೀಸಲು. ಈ ನಾಲ್ಕು ವರ್ಷದಲ್ಲಿ ಎಷ್ಟು ಹೆಣ್ಣುಮಕ್ಕಳು ಎದ್ದು ನಿಂತು ಮಾತಾಡಬಹುದಿತ್ತು, ಯೋಚನೆ ಮಾಡಿ.

ಟಿವಿಯಲ್ಲಿ ಕಳೆದ ತಿಂಗಳಿಡೀ ಮುಖ್ಯಮಂತ್ರಿ ಬದಲಾಗುತ್ತಾರಾ ಅನ್ನುವ ಚರ್ಚೆ ನಡೆಯಿತು. ಯಾರ ಮನೆಯಲ್ಲಿ ಯಾರು ನಾಷ್ಟಾ ಮಾಡಿದರು ಅಂತ ನೇರಪ್ರಸಾರ ಬಂತು. ಅದೂ ಸುದ್ದಿಯೇ, ಇಲ್ಲ ಅನ್ನುವುದಿಲ್ಲ. ಆದರೆ ನಾಲ್ಕು ವರ್ಷದಿಂದ ನಮ್ಮ ಓಟಿನ ಹಕ್ಕು ಕಿತ್ತುಕೊಂಡಿದ್ದಾರೆ ಅನ್ನುವುದು ಅದಕ್ಕಿಂತ ಸಣ್ಣ ಸುದ್ದಿಯಾ? ಅದರಲ್ಲಿ ಹವಾ ಇಲ್ಲ, ಎರಡು ಬಣ ಇಲ್ಲ, ಗೆಲ್ಲುವವರು ಇಲ್ಲ. ಎಲ್ಲರೂ ಸೇರಿ ಸುಮ್ನೆ ಇರುವ ವಿಷಯವನ್ನು ತೋರಿಸಲು ನಮ್ಮ ಟಿವಿಗೆ ಬರುವುದಿಲ್ಲ.

ಹಾಗಾದರೆ ನೀವು ಈ ಉಪಚುನಾವಣೆಯಲ್ಲಿ ಏನು ಮಾಡಬಹುದು? ಅಭ್ಯರ್ಥಿಗಳು ನಾಮಪತ್ರದ ಜೊತೆ ಪ್ರಮಾಣಪತ್ರ ಕೊಡುತ್ತಾರೆ. ಆಸ್ತಿ, ಸಾಲ, ಕೇಸುಗಳು ಎಲ್ಲ ಅದರಲ್ಲಿ ಇರುತ್ತವೆ. ಆಯೋಗದ ವೆಬ್‌ಸೈಟ್‌ನಲ್ಲಿ ಯಾರು ಬೇಕಾದರೂ ಓದಬಹುದು. ಹಿಂದಿನ ಸಲದ್ದನ್ನೂ ತೆಗೆದು ಪಕ್ಕದಲ್ಲಿ ಇಟ್ಟು ಓದಿ. ಕ್ರಿಮಿನಲ್ ಕೇಸ್ ಇದ್ದವರು ಅದನ್ನು ಪತ್ರಿಕೆಯಲ್ಲಿ, ಟಿವಿಯಲ್ಲಿ ಮೂರು ಸಲ ಪ್ರಕಟಿಸಬೇಕು ಅಂತ 2018ರಿಂದ ನಿಯಮ ಇದೆ. ಅದನ್ನು ಎಲ್ಲಿ, ಯಾವ ಮೂಲೆಯಲ್ಲಿ ಹಾಕಿದ್ದಾರೆ ಅಂತ ಹುಡುಕಿ. ಆದರೆ ಬಾಗಲಕೋಟೆಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಮುಳುಗಡೆಯದು. ಆಲಮಟ್ಟಿ ಅಣೆಕಟ್ಟಿನ ಎತ್ತರವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸಿದರೆ 75 ಸಾವಿರಕ್ಕೂ ಹೆಚ್ಚು ಎಕರೆ ಮುಳುಗುತ್ತದೆ. ಹಾಗೆ ಏರಿಸಬಹುದು ಅಂತ ಕೃಷ್ಣಾ ನ್ಯಾಯಮಂಡಳಿ ತೀರ್ಪು ಕೊಟ್ಟದ್ದು 2010ರಲ್ಲಿ. ಕೇಂದ್ರ ಅದನ್ನು ಗೆಜೆಟ್‌ನಲ್ಲಿ ಇನ್ನೂ ಹಾಕಿಲ್ಲ. ಈ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ಅಂತ ತೀರ್ಮಾನ ಮಾಡಿದೆ. ಈ ವರ್ಷ ಎಷ್ಟು ದುಡ್ಡು ಇಟ್ಟಿದ್ದಾರೆ, ಎಷ್ಟು ಎಕರೆಗೆ ಕೊಟ್ಟರು? ರಾಜ್ಯದವರಿಗೆ ಇದನ್ನು ಕೇಳಿ. ಗೆಜೆಟ್ ಯಾವಾಗ ಅಂತ ಕೇಂದ್ರದವರಿಗೆ ಕೇಳಿ. ಇಬ್ಬರ ಅಭ್ಯರ್ಥಿಗಳೂ ನಿಮ್ಮ ಬಾಗಿಲಿಗೆ ಬರುತ್ತಾರೆ.

ಮಾತು ಮುಗಿದ ಮೇಲೆ ಪ್ರಶ್ನೆ ಕೇಳಲು ಹೇಳಿದರು. ಹಿಂದಿನ ಸಾಲಿನ ಒಬ್ಬ ಹುಡುಗ, 'ಸರ್, ನಾವು ಹಿಂಗ ಬರದ್ರ ಆಫೀಸಿನವರು ಹಾಕ್ತಾರೇನ್ರಿ?' ಅಂದ. ಹತ್ತರಲ್ಲಿ ಎರಡು ಹಾಕುತ್ತಾರೆ, ಆ ಎರಡಕ್ಕಾಗಿ ಹತ್ತು ಬರೆಯಬೇಕು ಅಂದೆ. ಅವನಿಗೆ ಸಮಾಧಾನ ಆದಂತೆ ಕಾಣಲಿಲ್ಲ. ಆಗಬಾರದು ಕೂಡ.

ಎಲ್ಲರೂ ಎದ್ದ ಮೇಲೆ ಒಬ್ಬಳು ಹುಡುಗಿ ಹತ್ತಿರ ಬಂದಳು. 'ಸರ್, ನಮ್ಮ ಹೊಲಾನೂ ಮುಳುಗಡಿಯೊಳಗ ಬರ್ತದ್ರಿ' ಅಂದಳು. 'ಬಾವಿ ಐತ್ರಿ, ಕಬ್ಬು ಹಚ್ಚೇವ್ರಿ. ಆದ್ರ ಕಾಗದದಾಗ ಒಣಬೇಸಾಯ ಅಂತ ಐತ್ರಿ. ಅಪ್ಪಾ ಎರಡ ಸಲ ಅರ್ಜಿ ಕೊಟ್ಟಾರ.' ಎಕರೆಗೆ ಹತ್ತು ಲಕ್ಷದ ವ್ಯತ್ಯಾಸ. ಎಷ್ಟು ಎಕರೆ ಅಂದೆ. ಮೂರು ಅಂದಳು. ಊರಿನಲ್ಲಿ ಇನ್ನೂ ಯಾರಿಗೆ ಹೀಗಾಗಿದೆ ಅಂತ ಕೇಳಿದೆ. ಅವಳು ಬೆರಳು ಮಡಚುತ್ತಾ ಹೆಸರು ಹೇಳತೊಡಗಿದಳು. ಒಂದು ಕೈ ಮುಗಿದು ಇನ್ನೊಂದು ಕೈಗೆ ಬಂದಳು. ಮೊಬೈಲ್ ತೆಗೆದು ಉತಾರದ, ಅಂದರೆ ಹೊಲದ ಪಹಣಿಯ, ಫೋಟೋ ತೋರಿಸಿದಳು. ಅಲ್ಲೇ ಬೆಂಚಿನ ಮೇಲೆ ಕೂತು, ನಿನ್ನ ನೋಟ್‌ಬುಕ್ ತೆಗಿ ಅಂದೆ. ಮೊದಲು ಸರ್ವೆ ನಂಬರ್ ಬರೆದುಕೊಂಡೆವು.